ಆಟವಾಡಿಸುವ ಚಿತ್ರಪುಸ್ತಕಗಳನ್ನು ಆರಿಸುವಾಗ ನಾನು ಏನನ್ನು ನೋಡುತ್ತೇನೆ

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ. ಒಂದೂವರೆ ವರ್ಷದ ಮಗಳಿಗೂ ನಾಲ್ಕು ತುಂಬಲಿರುವ ಮಗನಿಗೂ ಫ್ಲ್ಯಾಪ್ (ಪುಟಕ್ಕೆ ಅಂಟಿಸಿದ ಪುಟ್ಟ ಮುಚ್ಚಳ) ಎತ್ತಿ ನೋಡುವ, ಮುಟ್ಟಿ ನೋಡುವ, ಗುಂಡಿ ಒತ್ತಿದರೆ ಸದ್ದು ಬರುವ ಪುಸ್ತಕಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದು ಒಂದು. ಮಗ ಇಂಥ ಪುಸ್ತಕ ಕೈಗೆ ಸಿಕ್ಕಿದ ಕೂಡಲೇ ಫ್ಲ್ಯಾಪ್‌ಗಳನ್ನೆಲ್ಲ ಪಟಪಟನೆ ತೆರೆದು ಎದ್ದು ಹೋಗುತ್ತಾನೆ, ಕಥೆಗೆ ಕಿವಿಗೊಡುವುದಿಲ್ಲ, ಹಾಗಿದ್ದರೆ ಇವನ್ನು ಪುಸ್ತಕ ಎನ್ನಬೇಕೋ ಆಟಿಕೆ ಎನ್ನಬೇಕೋ ಎಂಬುದು ಇನ್ನೊಂದು. ಹಲವು ವರ್ಷಗಳಿಂದ ಪುಟ್ಟ ಮಕ್ಕಳಿಗೆ ಓದಿ ಹೇಳುತ್ತ, ಅವರಿಗಾಗಿ ಪುಸ್ತಕಗಳನ್ನು ಆರಿಸುತ್ತ ಬಂದಿರುವ ನನಗೆ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಅದು ಸ್ಪಷ್ಟವಾದರೆ ಮೊದಲನೆಯದು ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಇಂಥ ಪುಸ್ತಕ ಕೈಗೆ ಬಂದಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಇಷ್ಟು: ಈ ಪುಟದ ಫ್ಲ್ಯಾಪನ್ನು ಅಂಟು ಹಾಕಿ ಮುಚ್ಚಿಬಿಟ್ಟರೆ ಕಥೆ ಕುಂಟುತ್ತದೆಯೇ, ಇಲ್ಲವೇ? ಒಂದು ಪುಟದಲ್ಲಿ ಪೊದೆಯ ಹಿಂದಿನಿಂದ ಯಾರೋ ಸೀನಿದರು ಎಂದಿದೆ, ಪೊದೆಯಾಚೆ ಪಟ್ಟೆಪಟ್ಟೆಯ ಬಾಲದ ತುದಿ ಮಾತ್ರ ಕಾಣುತ್ತಿದೆ ಎಂದುಕೊಳ್ಳೋಣ. ಮಗು ಊಹಿಸುತ್ತದೆ, ಪೊದೆಯನ್ನು ಎತ್ತುತ್ತದೆ, ಊಹೆ ನಿಜವಾಯಿತೋ ಸುಳ್ಳಾಯಿತೋ ನೋಡುತ್ತದೆ, ಮುಂದಿನ ಸೀನು ಯಾರದಿರಬಹುದೆಂದು ತಿಳಿಯಲು ತಾನೇ ಪುಟ ತಿರುಗಿಸುತ್ತದೆ. ಇಲ್ಲಿ ಕಥೆ ಕೇಳಿದ ಪ್ರಶ್ನೆಗೆ ಮಗುವಿನ ಕೈ ಉತ್ತರ ಹುಡುಕುತ್ತಿದೆ. ಅದೇ ಒಂದು ತೋಟದ ಚಿತ್ರದಲ್ಲಿ ಹೂವಿಗೊಂದು, ಎಲೆಗೊಂದು, ಮೋಡಕ್ಕೊಂದು ಫ್ಲ್ಯಾಪ್ ಅಂಟಿಸಿ, ಕೆಳಗೆ ಮತ್ತೊಂದು ಹೂವನ್ನೋ ಎಲೆಯನ್ನೋ ಇಟ್ಟಿದ್ದರೆ, ಅದನ್ನು ತೆರೆದು ತಿಳಿಯಬೇಕಾದುದು ಏನೂ ಇಲ್ಲ. ನಿಮ್ಮ ಮಗ ಅಂಥ ಪುಟವನ್ನು ಅರೆಗಳಿಗೆಯಲ್ಲಿ ಮುಗಿಸಿ ಎದ್ದರೆ ಅವನ ಗಮನದಲ್ಲಿ ಕೊರತೆಯಿದೆ ಎಂದು ನಾನು ಹೇಳಲಾರೆ. ಪುಟದಲ್ಲಿ ಅವನಿಗೆ ಕೊಡುವಂಥದ್ದು ಅಷ್ಟೇ ಇದ್ದಿತು.

ಕಾಗದದ ಫ್ಲ್ಯಾಪ್ ಮೊದಲು ಮಕ್ಕಳಿಗಾಗಿ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 16ನೆಯ ಶತಮಾನದ ಯುರೋಪಿನಲ್ಲಿ ಅಚ್ಚಾದ ಅಂಗರಚನೆಯ ಚಿತ್ರಗಳಲ್ಲಿ ದೇಹದ ಮೇಲ್ಪದರವನ್ನು ಎತ್ತಿದರೆ ಕೆಳಗೆ ಒಳಗಿನ ಅಂಗಗಳು ಕಾಣುವಂತೆ ಕಾಗದದ ಪದರಗಳನ್ನು ಅಂಟಿಸುತ್ತಿದ್ದರು. ಒಳಗೆ ನಿಜವಾಗಿಯೂ ಏನೋ ಅಡಗಿದೆ, ಅದನ್ನು ಎತ್ತಿಯೇ ನೋಡಬೇಕು ಎಂಬ ಅಗತ್ಯದಿಂದ ಆ ಪದರ ಬಂದಿತ್ತು. ಮಕ್ಕಳ ಪುಸ್ತಕದ ಫ್ಲ್ಯಾಪಿಗೂ ಅಂಥ ಅಗತ್ಯವಿರಬೇಕೆಂದು ನಾನು ಬಯಸುತ್ತೇನೆ.

ಈ ಅಭಿಪ್ರಾಯಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಪ್ರಾಣಿಗಳ ಹೆಸರುಗಳನ್ನೂ ಅವುಗಳ ಬಗೆಗಿನ ಹೊಸ ಸಂಗತಿಗಳನ್ನೂ ಪುಟ್ಟ ಮಕ್ಕಳು ಯಾವ ಬಗೆಯ ಪುಸ್ತಕದಿಂದ ಚೆನ್ನಾಗಿ ಕಲಿಯುತ್ತಾರೆ ಎಂದು ನೋಡಿದ, 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎದ್ದು ನಿಲ್ಲುವ, ಎಳೆದಾಡುವ ಭಾಗಗಳಿದ್ದ ಪುಸ್ತಕಕ್ಕಿಂತ ಅವು ಯಾವುವೂ ಇಲ್ಲದ ಸಾದಾ ಪುಸ್ತಕದಿಂದಲೇ ಮಕ್ಕಳು ಹೆಚ್ಚು ಕಲಿತರು. ಚಿತ್ರವೆಂಬುದು ಬೇರೊಂದರ ಗುರುತು ಎಂದು ತಿಳಿಯುವುದೇ ಆ ವಯಸ್ಸಿಗೆ ದೊಡ್ಡ ಕೆಲಸ. ಚಿತ್ರವೇ ಆಡುವ ವಸ್ತುವಾಗಿಬಿಟ್ಟರೆ ಮಗು ವಸ್ತುವನ್ನು ನೋಡುತ್ತದೆ, ಅದು ಸೂಚಿಸುವ ಪ್ರಾಣಿಯನ್ನು ಮರೆಯುತ್ತದೆ. ಹಾಗೆಂದು ಈ ಪುಸ್ತಕಗಳನ್ನು ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ. ಹೊಸ ಹೆಸರು, ಹೊಸ ಸಂಗತಿ ಕಲಿಸುವುದು ಉದ್ದೇಶವಾಗಿದ್ದರೆ ಸ್ಪಷ್ಟವಾದ ಚಿತ್ರಗಳಿರುವ ಸಾದಾ ಪುಸ್ತಕ ಸಾಕು. ಊಹೆ, ಕುತೂಹಲ, ಕಾಯುವ ಸುಖ ಬೇಕಿದ್ದಲ್ಲಿ ಫ್ಲ್ಯಾಪ್ ಇರಲಿ.

ಈಗ ಮಗಳ ವಿಷಯ. ಒಂದೂವರೆ ವರ್ಷದ ಮಗು ಅಡಗಿದ ವಸ್ತು ಇಲ್ಲವಾಗಿಲ್ಲ, ಎಲ್ಲೋ ಇದೆ ಎಂಬುದನ್ನು ಅರಿತಿರುತ್ತದೆ, ಮುಚ್ಚಿದ್ದನ್ನು ತೆರೆಯುವುದರಲ್ಲಿ ಅದಕ್ಕೆ ತಣಿಯದ ಸಂತೋಷ. ಆದುದರಿಂದ ಪುಟಕ್ಕೆ ಒಂದೇ ದೊಡ್ಡ ಫ್ಲ್ಯಾಪ್ ಇರುವ ಬೋರ್ಡ್ ಬುಕ್, ಅಂದರೆ ದಪ್ಪ ರಟ್ಟಿನ ಪುಟಗಳ ಪುಸ್ತಕ, ಅವಳಿಗೆ ಸರಿ. ಫ್ಲ್ಯಾಪ್ ತೆಳುವಾದ ಹಾಳೆಯದಾಗಿರದೆ ಗಟ್ಟಿ ರಟ್ಟಿನದೋ ಬಟ್ಟೆಯದೋ ಆಗಿರಲಿ, ಅಂಚಿನಲ್ಲಿ ಬೆರಳು ತೂರುವಷ್ಟು ಕಚ್ಚು ಇರಲಿ. ಕೊಳ್ಳುವ ಮುನ್ನ ಮಡಿಯುವ ಗೆರೆಯನ್ನು ನಾಲ್ಕೈದು ಬಾರಿ ಆಡಿಸಿ ನೋಡಿ. ಅಲ್ಲಿ ಆಗಲೇ ಬಿಳಿ ಬಿರುಕು ಕಂಡರೆ ಆ ಪುಸ್ತಕ ಹೆಚ್ಚು ದಿನ ಬಾಳದು. ಅವಳು ಎರಡು ಮೂರು ಪುಟಗಳನ್ನು ಒಟ್ಟಿಗೆ ತಿರುಗಿಸುತ್ತಾಳೆ, ಬಾಯಿಗೂ ಇಡುತ್ತಾಳೆ. ಎರಡೂ ಸಹಜವೆಂದು ತಿಳಿದು, ಬಿಡಿಬಿಡಿಯಾಗಿ ಓದಿದರೂ ಅರ್ಥವಾಗುವ ಪುಟಗಳಿರುವ ಪುಸ್ತಕ ಆರಿಸಿ. ಮುಟ್ಟಿ ನೋಡುವ ಪುಸ್ತಕಗಳಲ್ಲಿ ಒರಟು, ನುಣುಪು, ಅಂಟಂಟು ಎಂಬ ಭೇದ ಬೆರಳಿಗೆ ನಿಜವಾಗಿ ತಿಳಿಯುವಂತಿರಬೇಕು. ಎಲ್ಲ ಪುಟದಲ್ಲೂ ಒಂದೇ ಬಗೆಯ ತುಪ್ಪಳದ ತುಂಡು ಅಂಟಿಸಿದ ಪುಸ್ತಕಗಳನ್ನು ನಾನು ಹಿಂದಿರುಗಿಸಿದ್ದೇನೆ.

ಮಗನಿಗೆ ನಾನು ಮೊದಲು ಕೊಡಬಯಸುವುದು ಯಾವ ಯಂತ್ರವೂ ಇಲ್ಲದ, ಆದರೂ ಮಗುವನ್ನು ಆಟಕ್ಕೆ ಕರೆಯುವ ಪುಸ್ತಕಗಳನ್ನು. ಈ ಚುಕ್ಕಿಯನ್ನು ಒತ್ತು, ಪುಸ್ತಕವನ್ನು ಓರೆ ಮಾಡು, ಊದು, ಚಪ್ಪಾಳೆ ತಟ್ಟು ಎಂದು ಪುಟ ಹೇಳುತ್ತದೆ. ಪುಟ ತಿರುಗಿಸಿದಾಗ ಚಿತ್ರ ಬದಲಾಗಿರುತ್ತದೆ. ಕಾಗದ ಅಲುಗಾಡಿಲ್ಲ, ತಾನು ಮಾಡಿದ್ದರಿಂದಲೇ ಇದು ಆಯಿತು ಎಂಬ ನಂಬಿಕೆಯಿಂದ ಮಗುವಿನ ಮನಸ್ಸು ಅಲುಗಾಡಿದೆ. ಪುಟ ತಿರುಗಿಸುವ ಮುನ್ನ ಉಸಿರು ಬಿಗಿಹಿಡಿದು ಕಾಯುವ ಆ ಕ್ಷಣವನ್ನು ಎಷ್ಟು ಮಕ್ಕಳ ಮುಖದಲ್ಲಿ ನೋಡಿದರೂ ನನಗೆ ಸಾಕೆನಿಸಿಲ್ಲ. ಕಿಕ್ಕಿರಿದ ಚಿತ್ರದಲ್ಲಿ ಒಂದನ್ನು ಹುಡುಕುವ ಪುಸ್ತಕಗಳೂ, ಮಾತೇ ಇಲ್ಲದೆ ಚಿತ್ರಗಳಿಂದಲೇ ಕಥೆ ಸಾಗುವ ಪುಸ್ತಕಗಳೂ ಈ ವಯಸ್ಸಿಗೆ ಬಹಳ ಒಗ್ಗುತ್ತವೆ. ಎಳೆಯುವ ಪಟ್ಟಿ, ತಿರುಗಿಸುವ ಚಕ್ರ, ಎದ್ದು ನಿಲ್ಲುವ ಪಾಪ್‌ಅಪ್ ಇವೆಲ್ಲ ಬೇಕಿದ್ದರೆ ಈಗ ತರಬಹುದು, ಆದರೆ ತಂಗಿಯ ಕೈಗೆಟುಕದಂತೆ ಇಡಬೇಕಾಗುತ್ತದೆ.

ಸದ್ದಿನ ಪುಸ್ತಕಗಳ ಬಗ್ಗೆ ನಾನು ಹೆಚ್ಚು ಎಚ್ಚರದಿಂದಿದ್ದೇನೆ. ಗುಂಡಿ ಒತ್ತಿದರೆ ತಾನೇ ಮಾತನಾಡುವ ಪುಸ್ತಕವನ್ನು ಓದುವಾಗ ಹೆತ್ತವರ ಮಾತು ಕಥೆಯಿಂದ ಸರಿದು ‘ಅದನ್ನು ಒತ್ತಬೇಡ, ಈಗ ಇದನ್ನು ಒತ್ತು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದನ್ನೇ ಗುರುತಿಸಿದೆ. ಇದಕ್ಕಿಂತ ಗಂಭೀರವಾದುದು ಒಳಗಿನ ಬಟನ್ ಸೆಲ್, ಅಂದರೆ ಗುಂಡಿಯಾಕಾರದ ಪುಟ್ಟ ಬ್ಯಾಟರಿ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ತೀವ್ರವಾದ ಸುಟ್ಟ ಗಾಯವಾಗಬಹುದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಪುಸ್ತಕವನ್ನು, ಅದೆಷ್ಟು ಚೆಂದವಾಗಿದ್ದರೂ, ನಿಮ್ಮ ಮನೆಗೆ ತರಬೇಡಿ. ಅಂಟಿಸಿದ ಮಣಿ, ಗುಂಡಿ, ಗೊಂಬೆಯ ಕಣ್ಣುಗಳನ್ನೂ ಹೀಗೆಯೇ ಪರೀಕ್ಷಿಸಬೇಕು. ಮೂರು ವರ್ಷದೊಳಗಿನವರ ಆಟಿಕೆಗಳಿಗೆ ಬಳಸುವ ಪರೀಕ್ಷಾ ಕೊಳವೆಯ ವ್ಯಾಸ ಸುಮಾರು 32 ಮಿಲಿಮೀಟರ್. ಅದರೊಳಗೆ ಪೂರ್ತಿ ಅಡಗುವ ಬಿಡಿ ಭಾಗವನ್ನು ಉಸಿರುಗಟ್ಟಿಸಬಲ್ಲದೆಂದು ಎಣಿಸುತ್ತಾರೆ.

ಪುಸ್ತಕದ ಮಾತುಗಳನ್ನು ಕೊಳ್ಳುವ ಮುನ್ನವೇ ಒಮ್ಮೆ ದನಿಯೆತ್ತಿ ಓದಿ ನೋಡಿ. ನಾಲಿಗೆಗೆ ಹಿತವಾಗದ ವಾಕ್ಯವನ್ನು ನೀವು ನೂರನೆಯ ಬಾರಿ ಓದುವಾಗ ದನಿಯಲ್ಲಿ ಬೇಸರ ಇಣುಕುತ್ತದೆ, ಮಗು ಅದನ್ನು ಕೂಡಲೇ ಕಂಡುಹಿಡಿಯುತ್ತದೆ. ನೂರು ಬಾರಿ ಎಂಬುದು ಉತ್ಪ್ರೇಕ್ಷೆಯಲ್ಲ, ಮತ್ತು ಅದು ಒಳ್ಳೆಯದೇ. ಮೂರು ವರ್ಷದ ಮಕ್ಕಳೊಡನೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸ ಪದಗಳನ್ನು ಬೇರೆ ಬೇರೆ ಕಥೆಗಳಲ್ಲಿ ಕೇಳಿದವರಿಗಿಂತ ಅದೇ ಕಥೆಯಲ್ಲಿ ಮತ್ತೆ ಮತ್ತೆ ಕೇಳಿದವರು ಹೆಚ್ಚು ಚೆನ್ನಾಗಿ ಕಲಿತರು. ಹತ್ತು ಸಾಧಾರಣ ಪುಸ್ತಕಗಳ ಬದಲು ಮೂರು ಒಳ್ಳೆಯವನ್ನು ತನ್ನಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಮಗ ಎದ್ದು ಹೋಗುವುದಕ್ಕೆ ಒಂದು ಉಪಾಯವನ್ನು ಮಾಡಿ ನೋಡಿ. ಹೊಸ ಪುಸ್ತಕದ ಮೊದಲ ಸುತ್ತನ್ನು ಪೂರ್ತಿ ಅವನಿಗೇ ಬಿಟ್ಟುಕೊಡಿ. ಏನನ್ನೂ ಓದಬೇಡಿ, ತಡೆಯಬೇಡಿ, ಎಲ್ಲವನ್ನೂ ಅವನು ತೆರೆದು ಮುಗಿಸಲಿ. ಎರಡನೆಯ ಸುತ್ತಿನಲ್ಲಿ ಕೆಳಗೇನಿದೆ ಎಂಬುದು ಅವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ ಎಂಬಂತೆ ಕೇಳಿ: ‘ಈ ಬಾಲ ಯಾರದ್ದು? ಅದಕ್ಕೆ ನೆಗಡಿ ಹೇಗಾಯಿತು?’ ಅವನು ಒಂದು ಪದ ಹೇಳಿದರೆ ನೀವು ಅದಕ್ಕೆ ಎರಡು ಪದ ಸೇರಿಸಿ ಮರಳಿ ಹೇಳಿ. 1988ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೀಗೆ ಪ್ರಶ್ನೆ ಕೇಳುತ್ತ, ಮಗುವಿನ ಮಾತನ್ನು ಹಿಗ್ಗಿಸುತ್ತ ಓದಲು ಹೆತ್ತವರಿಗೆ ಹೇಳಿಕೊಟ್ಟಾಗ, ನಾಲ್ಕೇ ವಾರಗಳಲ್ಲಿ ಎರಡು ವರ್ಷದ ಆಸುಪಾಸಿನ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಗಿತ್ತು. ಗುಟ್ಟು ತಿಳಿದವನಾಗಿ ಕೂರುವುದು ನಾಲ್ಕು ವರ್ಷದವನಿಗೆ ಬಹಳ ಹಿಡಿಸುತ್ತದೆ.

ಫ್ಲ್ಯಾಪ್ ಹರಿದರೆ ಸಾಮಾನ್ಯ ಸೆಲ್ಲೋಟೇಪ್ ಹಚ್ಚಬೇಡಿ, ಅದು ಕಾಲಕ್ರಮದಲ್ಲಿ ಹಳದಿಯಾಗಿ ಕಳಚಿಕೊಳ್ಳುತ್ತದೆ. ತೆಳುವಾದ ಆದರೆ ಗಟ್ಟಿಯಾದ ಕಾಗದದ ಪಟ್ಟಿಯೊಂದನ್ನು ಮಡಿಯುವ ಗೆರೆಯ ಹಿಂಬದಿಗೆ ಬಿಳಿ ಅಂಟಿನಿಂದ ಅಂಟಿಸಿ, ಪುಟಗಳು ಕಚ್ಚಿಕೊಳ್ಳದಂತೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆಯಿಟ್ಟು, ಒಂದು ರಾತ್ರಿ ಭಾರದ ಕೆಳಗಿಡಿ. ಪಟ್ಟಿಯನ್ನು ಕತ್ತರಿಸುವುದು ನಿಮ್ಮ ಕೆಲಸವಾಗಲಿ, ಅಂಟು ಸವರುವುದನ್ನು ಮಗನಿಗೆ ಬಿಡಿ.