ಅಮೆರಿಕದಲ್ಲಿ ಮೇಲು-ಕೀಳು ಇಲ್ಲವೇ?

"ಅಲ್ಲಿ ಬಾಸನ್ನೂ ಹೆಸರು ಹಿಡಿದೇ ಕರೀತಾರಂತೆ, ಹಾಗಾದರೆ ಮೇಲು-ಕೀಳು ಇಲ್ಲವೇ?" ಅಂತ ಕೇಳಿದ್ದೀರಿ. ಹೆಸರು ಹಿಡಿದು ಕರೆಯುವುದು ನಿಜ. ಮೇಲು-ಕೀಳು ಇರುವುದೂ ನಿಜ. ನಾನಿರುವುದು ಟೆಕ್ಸಾಸ್‌ನಲ್ಲಿ. ಇಲ್ಲಿ ಜನರ ಮಾತಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಮನೆ ಹುಡುಕಲು ಹೊರಟಾಗ ಗೊತ್ತಾಗುತ್ತದೆ.

ಮನೆ ಮಾರಾಟದ ವೆಬ್‌ಸೈಟ್ ತೆರೆಯಿರಿ. ಬೆಡ್‌ರೂಮ್ ಎಷ್ಟು, ಬೆಲೆ ಎಷ್ಟು ಅನ್ನುವುದರ ಜೊತೆಗೆ ಆ ವಿಳಾಸದ ಮಕ್ಕಳಿಗೆ ಸೇರಿದ ಸರ್ಕಾರಿ ಶಾಲೆಗಳ ಪಟ್ಟಿಯೂ ಇರುತ್ತದೆ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಒಂಬತ್ತು ಬಂದ ಶಾಲೆಯ ಗಡಿಯೊಳಗೆ ಮನೆಗೆ ಬೆಲೆ ಜಾಸ್ತಿ. ಸರ್ಕಾರಿ ಶಾಲೆಗೆ ಫೀಸಿಲ್ಲ, ಸರಿ. ಆದರೆ ಆ ಗಡಿಯೊಳಗೆ ಇರಲು ದುಡ್ಡು ಬೇಕಲ್ವಾ? ನಮ್ಮ ಕನ್ನಡದವರೂ ಮನೆ ನೋಡುವಾಗ ಮೊದಲು ಕೇಳುವುದು "ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು?" ಅಂತಲೇ. ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ವಿಭಾಗ.

ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಸ್ಯಾನ್ ಆಂಟೋನಿಯೊದಲ್ಲಿ 1967-68ರಲ್ಲಿ ಏನಾಗುತ್ತಿತ್ತು ನೋಡಿ. ಎಡ್ಜ್‌ವುಡ್ ಬಡವರ ಕಡೆ, ಹೆಚ್ಚಿನವರು ಮೆಕ್ಸಿಕನ್ ಮೂಲದವರು. ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟಿದರೂ ಅದರಿಂದ ಅವರ ಶಾಲೆಗೆ ಸಿಕ್ಕಿದ್ದು ಮಗುವೊಂದಕ್ಕೆ 26 ಡಾಲರ್. ಅದೇ ಊರಿನ ಸ್ಥಿತಿವಂತರ ಅಲಾಮೊ ಹೈಟ್ಸ್‌ನವರು ಬರೀ 85 ಸೆಂಟ್ ಕಟ್ಟಿ 333 ಡಾಲರ್ ಪಡೆಯುತ್ತಿದ್ದರು. ಬಡವರ ಆಸ್ತಿಗೆ ಬೆಲೆಯೇ ಕಡಿಮೆ, ಹಾಗಾಗಿ ಅವರೇ ಜಾಸ್ತಿ ದರ ಕಟ್ಟಿ ಕಡಿಮೆ ಪಡೆದರು! ಡೆಮೆಟ್ರಿಯೊ ರೋಡ್ರಿಗಸ್ ಮತ್ತು ಇತರ ಪಾಲಕರು 1968ರಲ್ಲಿ ಕೋರ್ಟಿಗೆ ಹೋದರು. 1973ರಲ್ಲಿ ದೇಶದ ಸುಪ್ರೀಂ ಕೋರ್ಟ್ 5-4ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣ ದೇಶದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅಂದಿತು. ಒಂದೇ ಒಂದು ಮತ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆಮೇಲೆ 1989ರಲ್ಲಿ ಟೆಕ್ಸಾಸ್ ರಾಜ್ಯಕ್ಕೇ ಇರುವ ಬೇರೆ ಸುಪ್ರೀಂ ಕೋರ್ಟೇ ಈ ಪದ್ಧತಿ ತಪ್ಪು ಅಂದಿತು. 1993ರ ಕಾನೂನಿನಿಂದ ಶ್ರೀಮಂತ ಡಿಸ್ಟ್ರಿಕ್ಟ್‌ಗಳ ಹಣದಲ್ಲಿ ಒಂದು ಪಾಲು ಬಡ ಶಾಲೆಗಳಿಗೆ ಹೋಗತೊಡಗಿತು. ಶ್ರೀಮಂತರಿಂದ ಕಿತ್ತು ಬಡವರಿಗೆ ಹಂಚಿದ ಕಥಾನಾಯಕನ ನೆನಪಿನಲ್ಲಿ ಜನ ಅದನ್ನು 'ರಾಬಿನ್ ಹುಡ್' ಅಂತಾರೆ. ಒಳ್ಳೆಯ ಕೆಲಸವೇ. ಆದರೆ ಮನೆ ಬೆಲೆಯ ಬೇಲಿ ಹಾಗೇ ಇದೆ.

ಇಲ್ಲಿ ಹೋಟೆಲಿನಲ್ಲಿ ಬಡಿಸುವ ಹೆಂಗಸಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೂ ಕಾನೂನು ಒಪ್ಪುತ್ತದೆ. ಟಿಪ್ಸ್ ಸೇರಿ ಕನಿಷ್ಠ ಕೂಲಿಯಾದ 7.25 ಡಾಲರ್ ಆದರೆ ಸಾಕು. ಆ 7.25 ಕೂಡ 2009ರಿಂದ ಏರಿಲ್ಲ. ಅಷ್ಟರಲ್ಲಿ ಒಂಬತ್ತು ಅಂಕದ ಶಾಲೆಯ ಹತ್ತಿರ ಅವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ನನ್ನ ಮಗಳೂ ಅವರ ಮಗಳೂ ಒಂದೇ ಕ್ಲಾಸಿನಲ್ಲಿ ಕೂರುವುದಿಲ್ಲ.