ಆರೋಗ್ಯದ ನೀತಿಶಾಸ್ತ್ರ ಓದಿದರೆ ಮಾಡುವ ಕೆಲಸವೇನು?

ಕಾರವಾರದಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮುಗಿಸುತ್ತಿದ್ದೀರಿ, ಜಾಗತಿಕ ಆರೋಗ್ಯದ ನೀತಿಶಾಸ್ತ್ರದಲ್ಲಿ ಸಂಶೋಧಕಿ ಆಗಬಹುದಾ ಅಂತ ಕೇಳಿದ್ದೀರಿ.

ಖಂಡಿತ ಆಗಬಹುದು. ಕೆಲಸ ಎಂಥದ್ದು ಅನ್ನುವುದಕ್ಕೆ ನಮ್ಮ ಸಿದ್ದಾಪುರ ಕಡೆಯ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, ಉಣ್ಣೆ ಕಚ್ಚಿ ಬರುತ್ತದೆ. ಕಾಡಿಗೆ ಹೋಗಬೇಡಿ ಅನ್ನುವುದು ಸುಲಭ. ಕಾಡಲ್ಲಿ ದರಕು (ಒಣಗಿದ ಎಲೆ) ಗುಡಿಸುವ ಹೆಂಗಸಿಗೆ ಆ ದಿನದ ಕೂಲಿ ಕೊಡುವವರ್ಯಾರು? ಹೊಸ ಲಸಿಕೆಯ ಪ್ರಯೋಗ ಊರಿಗೆ ಬಂದರೆ, ಡಾಕ್ಟರಮ್ಮ ಕೇಳಿದರು ಅಂತ ಹೆಬ್ಬೆಟ್ಟು ಒತ್ತುವುದು ಒಪ್ಪಿಗೆಯಾ? ಪ್ರಯೋಗ ಮುಗಿದ ಮೇಲೆ ಲಸಿಕೆ ಮೊದಲು ಸಿಗಬೇಕಾದ್ದು ಯಾರಿಗೆ? ಒಬ್ಬ ರೋಗಿಯದ್ದಲ್ಲ, ಇಡೀ ಸಮುದಾಯದ ಲೆಕ್ಕ ಇದು. ಇದನ್ನು ವಾದ, ಪುರಾವೆ ಎರಡೂ ಇಟ್ಟು ಬರೆಯುವುದೇ ಈ ವಿದ್ವಾಂಸರ ಕಸುಬು.

ದಾರಿ ಒಂದೇ ಅಲ್ಲ. ಸಾರ್ವಜನಿಕ ಆರೋಗ್ಯ, ತತ್ತ್ವಶಾಸ್ತ್ರ, ಕಾನೂನು, ಯಾವುದರಿಂದಲೂ ಬರುತ್ತಾರೆ. ಆಮೇಲೆ ಬಯೋಎಥಿಕ್ಸ್ (ವೈದ್ಯಕೀಯ, ಜೀವವಿಜ್ಞಾನಗಳ ನೀತಿಶಾಸ್ತ್ರ) ಓದು, ಪಿಎಚ್‌.ಡಿ. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಕೇಂದ್ರವಿದೆ. ಪೂರ್ಣಾವಧಿ ಹುದ್ದೆ ಮಾತ್ರ ಕಡಿಮೆ, ಸುಳ್ಳು ಆಸೆ ಹುಟ್ಟಿಸಲಾರೆ. ಬಹುತೇಕರು ಪಾಠ, ಸಂಶೋಧನೆ, ಎಥಿಕ್ಸ್ ಕಮಿಟಿ (ಸಂಶೋಧನೆ ನೀತಿಗೆ ತಕ್ಕಂತಿದೆಯಾ ಅಂತ ಪರಿಶೀಲಿಸುವ ಸಮಿತಿ) ಕೆಲಸ ಸೇರಿಸಿಕೊಂಡೇ ನಡೆಸುತ್ತಾರೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಈ ಕಮಿಟಿಯಲ್ಲಿ 7ರಿಂದ 15 ಜನ ಇರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರೇ ಆಗಬೇಕು, ವೈದ್ಯರಲ್ಲದ ಸಾಮಾನ್ಯರೊಬ್ಬರೂ ಬೇಕು.

ಮೊದಲು ಆ ಮಾರ್ಗಸೂಚಿ ಓದಿ. ಜೊತೆಗೆ 1993ರಿಂದ ಬರುತ್ತಿರುವ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ.