ಯಾರಿಗೆ ಎಷ್ಟು ಅನ್ನೋದಷ್ಟೇ ಸಾಲದು, ಯಾಕೆ ಅನ್ನೋದೂ ಗೊತ್ತಾಗಬೇಕು

ಪ್ರಶ್ನೆ: ನಾನು ಒಂದು ಸಣ್ಣ ಸಂಘದ ಖಜಾಂಚಿ. ಹಿರಿಯರಿಗಾಗಿ ಓದುವ ಕೋಣೆ ನಡೆಸುತ್ತೇವೆ. ಮೊದಲ ಸಲ ಸರ್ಕಾರದ ಅನುದಾನ ಸಿಕ್ಕಿದೆ. ಸಂಘದ ಹೆಸರು, ಮೊತ್ತ, ಉದ್ದೇಶ ಎಲ್ಲವನ್ನೂ ಸಾರ್ವಜನಿಕವಾಗಿ ಪ್ರಕಟಿಸುತ್ತೇವೆ ಎಂದು ಮಂಜೂರಾತಿ ಪತ್ರದಲ್ಲಿದೆ. ಸಮಿತಿಯ ಕೆಲವರಿಗೆ ಇದು ಇಷ್ಟವಿಲ್ಲ. ದಾನಿಗಳು ಕೈಬಿಡುತ್ತಾರೆ, ಬೇರೆ ಸಂಘದವರು ಹೊಟ್ಟೆಕಿಚ್ಚು ಪಡುತ್ತಾರೆ ಎಂದು ಅವರ ಅಂಜಿಕೆ. ಬೇಡ ಎನ್ನಲು ನಮಗೆ ಅವಕಾಶ ಇದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಮಂಜೂರಾತಿ ಪತ್ರದಲ್ಲಿ ಇದೆ ಅಂದರೆ ಅದು ಅನುದಾನದ ಷರತ್ತು. ಹಣ ಬೇಕು, ಷರತ್ತು ಬೇಡ ಎನ್ನಲು ಬರುವುದಿಲ್ಲ. ಬೇಕಿದ್ದರೆ ಯಾವ ವಿವರ ಹೇಗೆ ಪ್ರಕಟವಾಗಬೇಕು ಎಂಬ ಬಗ್ಗೆ ಮಾತಾಡಬಹುದು. ಆ ಮಾತು ಆಡಲೇಬೇಕು ಎಂಬುದು ನನ್ನ ಸಲಹೆ.

ಇದು ನಿಮ್ಮೊಬ್ಬರಿಗೆ ಹಾಕಿದ ಷರತ್ತಲ್ಲ. ಅಮೆರಿಕ 2006ರಲ್ಲೇ ಕಾಯ್ದೆ ಮಾಡಿ, ಕೇಂದ್ರ ಸರ್ಕಾರದ ಅನುದಾನ ಯಾರಿಗೆ ಹೋಯಿತು ಎಂದು ಯಾರು ಬೇಕಾದರೂ ಹುಡುಕಿ ನೋಡುವಂತೆ ಮಾಡಿತು. ಕೆನಡಾದ ಕೇಂದ್ರ ಸರ್ಕಾರದಲ್ಲಿ 25,000 ಡಾಲರ್‌ಗಿಂತ ಜಾಸ್ತಿ ಕೊಟ್ಟರೆ ಇಲಾಖೆ ತಾನಾಗಿಯೇ ಹೇಳಬೇಕು. ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಕೂಡ ಯಾರೂ ಅರ್ಜಿ ಹಾಕುವ ಮೊದಲೇ ಸಬ್ಸಿಡಿ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರ ಪ್ರಕಟಿಸಬೇಕು ಎನ್ನುತ್ತದೆ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರದ ಹಣದ ಮೇಲೆ ಗಣನೀಯವಾಗಿ ನಿಂತಿರುವ ಸ್ವಯಂಸೇವಾ ಸಂಸ್ಥೆಗಳೂ ಮಾಹಿತಿ ಹಕ್ಕಿನ ಕೆಳಗೆ ಬರುತ್ತವೆ ಎಂದಿತು.

ಈಗ ದಾನಿಗಳ ವಿಷಯ. ಇದು ಸುಮ್ನೆ ತಳ್ಳಿಹಾಕುವ ಅಂಜಿಕೆ ಅಲ್ಲ. 'ಸರ್ಕಾರವೇ ಕೊಟ್ಟಿದೆಯಲ್ಲ, ನಾವ್ಯಾಕೆ ಕೊಡಬೇಕು' ಅನ್ನುವವರು ಇದ್ದೇ ಇರುತ್ತಾರೆ. ಆದರೆ ತೊಂದರೆ ಬರುವುದು ಮೊತ್ತ ಗೊತ್ತಾದಾಗ ಅಲ್ಲ, ಬರೀ ಮೊತ್ತ ಮಾತ್ರ ಗೊತ್ತಾದಾಗ. ಪಟ್ಟಿಯಲ್ಲಿ ಬರುವುದು ಹೆಚ್ಚಾಗಿ ಮಂಜೂರಾದ ಮೊತ್ತ, ಕೈಗೆ ಬಂದ ಮೊತ್ತ ಅಲ್ಲ. ಹಣ ಕಂತಿನಲ್ಲಿ ಬರುತ್ತದೆ. ಮೂರು ವರ್ಷದ ಒಟ್ಟು ಮೊತ್ತವನ್ನು ಓದುವವರು ಒಂದೇ ವರ್ಷದ್ದು ಅಂದುಕೊಳ್ಳುತ್ತಾರೆ. ಅದೂ ಅಲ್ಲದೆ ಅನುದಾನವನ್ನು ಹೇಳಿದ ಕೆಲಸಕ್ಕೆ ಮಾತ್ರ ಖರ್ಚು ಮಾಡಬೇಕು. ಪುಸ್ತಕಕ್ಕೆ ಬಂದ ಹಣದಲ್ಲಿ ಬಾಡಿಗೆ ಕಟ್ಟಲು ಆಗುವುದಿಲ್ಲ. ಇಷ್ಟನ್ನೂ ಇಲಾಖೆಯವರು ನಿಮ್ಮ ಪರವಾಗಿ ಜನರಿಗೆ ವಿವರಿಸುವುದಿಲ್ಲ. ಆದ್ದರಿಂದ ಅವರು ಪ್ರಕಟಿಸುವ ಮೊದಲೇ ನೀವೇ ಒಂದು ಪುಟ ಬರೆದು ದಾನಿಗಳಿಗೆ ಕಳಿಸಿ. ಎಷ್ಟು ಮಂಜೂರಾಗಿದೆ, ಈವರೆಗೆ ಎಷ್ಟು ಬಂದಿದೆ, ಅದು ಯಾವುದಕ್ಕೆ, ಯಾವ ಖರ್ಚಿಗೆ ಇನ್ನೂ ಹಣ ಇಲ್ಲ ಎಂದು ತಿಳಿಸಿ. ಕೊನೆಯ ಮಾತೇ ಮುಖ್ಯ. ನಾನು ಕಂಡಂತೆ, ಬಾಡಿಗೆಗೆ ಹಣ ಸಾಲುತ್ತಿಲ್ಲ ಎಂದು ನೇರವಾಗಿ ಹೇಳಿದ ಸಂಘಕ್ಕೆ ಜನ ಕೊಡುತ್ತಾರೆ. ಬೇರೆಯವರಿಂದ ಸುದ್ದಿ ಕೇಳಿದ ದಾನಿಯೇ ದೂರ ಸರಿಯುವುದು.

ಇನ್ನು ಹೊಟ್ಟೆಕಿಚ್ಚಿನ ಮಾತು. ಇಲ್ಲಿ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ವಿಷಯದ ತಿರುಳು ಇರುವುದು ಇಲ್ಲೇ. ಬೇರೆ ಸಂಘದವರಿಗೆ ಅನುಮಾನ ಹುಟ್ಟುವುದು ನಿಮಗೆ ಹಣ ಸಿಕ್ಕಿದ್ದಕ್ಕಲ್ಲ, ಯಾಕೆ ಸಿಕ್ಕಿತು ಎಂದು ಗೊತ್ತಾಗದೆ ಇರುವುದಕ್ಕೆ.

ಆಸ್ಟ್ರೇಲಿಯಾದಲ್ಲಿ ಇದು ಎರಡು ಸಲ ನಡೆದಿದೆ. 1990ರ ದಶಕದ ಶುರುವಿನಲ್ಲಿ ಕ್ರೀಡಾ ಸಂಘಗಳಿಗೆ ಕೊಟ್ಟ ಅನುದಾನದ ಬಗ್ಗೆ ಪ್ರಶ್ನೆ ಎದ್ದಿತು. ಆಯ್ಕೆಯ ದಾಖಲೆ ಕೇಳಿದರೆ, ದೊಡ್ಡ ಬಿಳಿ ಹಲಗೆಯ ಮೇಲೆ ಬರೆದು ಆಮೇಲೆ ಅಳಿಸಿದೆವು ಎಂಬ ಉತ್ತರ ಬಂತು. ಸಚಿವೆ ರಾಸ್ ಕೆಲ್ಲಿ 1994ರಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ಸುಮಾರು 10 ಕೋಟಿ ಆಸ್ಟ್ರೇಲಿಯನ್ ಡಾಲರ್‌ನ ಇನ್ನೊಂದು ಕ್ರೀಡಾ ಯೋಜನೆ ಬಂತು. 2,000ಕ್ಕೂ ಹೆಚ್ಚು ಅರ್ಜಿ, 684 ಅನುದಾನ. ಅರ್ಜಿಗಳಿಗೆ ಅಂಕ ಕೊಟ್ಟು ಪಟ್ಟಿ ಮಾಡಿದ್ದು ಕ್ರೀಡಾ ಸಂಸ್ಥೆ, ಆದರೆ ಆಖೈರು ಮಾಡಿದ್ದು ಆಗಿನ ಸಚಿವೆ ಬ್ರಿಜೆಟ್ ಮೆಕೆಂಜಿ. 2020ರ ಜನವರಿಯಲ್ಲಿ ಅಲ್ಲಿನ ಮಹಾಲೆಕ್ಕಪರಿಶೋಧಕರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮೂರನೇ ಸುತ್ತಿನಲ್ಲಿ ಹಣ ಪಡೆದ ಶೇ 73ರಷ್ಟು ಯೋಜನೆಗಳು ಸಂಸ್ಥೆಯ ಶಿಫಾರಸಿನಲ್ಲಿ ಇರಲೇ ಇಲ್ಲ! ಕಡಿಮೆ ಅಂತರದಲ್ಲಿ ಸೋಲು ಗೆಲುವು ಆಗುವ ಚುನಾವಣಾ ಕ್ಷೇತ್ರಗಳ ಕಡೆ ಒಲವಿತ್ತು ಎಂದೂ ವರದಿ ಹೇಳಿತು. ಹಣ ಪಡೆದ ಒಂದು ಕ್ಲಬ್ಬಿನಲ್ಲಿ ತಾನು ಸದಸ್ಯೆ ಎಂಬುದನ್ನು ಸಚಿವೆ ತಿಳಿಸಿರಲಿಲ್ಲ. ಕೊನೆಗೆ ಅವರು ಹುದ್ದೆ ಬಿಟ್ಟಿದ್ದು ಅದೇ ಕಾರಣಕ್ಕೆ.

ಇದರಲ್ಲಿ ನನಗೆ ಜಾಸ್ತಿ ನೋವಾಗುವುದು ಆ ಸಂಘಗಳನ್ನು ನೆನೆದಾಗ. ಒಳ್ಳೆಯ ಅಂಕ ಬಂದೂ ಬರಿಗೈಯಲ್ಲಿ ಹೋದವರಿಗೆ ಅನ್ಯಾಯವಾಯಿತು. ನ್ಯಾಯವಾಗಿಯೇ ಹಣ ಪಡೆದವರ ಮೇಲೂ ಅನುಮಾನದ ನೆರಳು ಬಿತ್ತು. ಅಂಕಗಳನ್ನೂ ಮೊದಲೇ ಪ್ರಕಟಿಸಿದ್ದರೆ ಅವರು ತಲೆ ಎತ್ತಿ ಮಾತಾಡಬಹುದಿತ್ತು, ಅಲ್ವಾ? ಅದಕ್ಕೇ ಹೇಳುವುದು, ಪ್ರಕಟಣೆ ಬೇಡ ಎನ್ನುವ ಬದಲು ಇನ್ನೂ ಪೂರ್ತಿಯಾಗಿ ಪ್ರಕಟಿಸಿ ಎಂದು ನಿಮ್ಮ ಸಮಿತಿ ಬರೆದು ಕೊಡಲಿ. ಮಾನದಂಡ ಏನು, ನಿಮ್ಮ ಅರ್ಜಿಗೆ ಎಷ್ಟು ಅಂಕ ಬಂತು, ಆಯ್ಕೆ ಮಾಡಿದವರು ಯಾರು ಎಂಬುದೂ ಬರಲಿ. ಹಾಗೆಯೇ ಸಂಘದ ನೋಂದಣಿ ಸಂಖ್ಯೆ ಸರಿಯಾಗಿ ಬಂದಿದೆಯೇ ನೋಡಿ. ಒಂದೇ ತರಹದ ಹೆಸರಿನ ಸಂಘಗಳು ಬೇಕಾದಷ್ಟಿವೆ. ಇನ್ನೊಬ್ಬರ ಅನುದಾನದ ಲೆಕ್ಕವನ್ನು ಜನ ನಿಮ್ಮ ಹತ್ತಿರ ಕೇಳುವ ಹಾಗೆ ಆಗಬಾರದು.

ಪ್ರಶ್ನೆ: ನಮ್ಮದು ಮನೆಯಲ್ಲಿ ಹಿಂಸೆ ಅನುಭವಿಸಿ ಬಂದ ಹೆಣ್ಣುಮಕ್ಕಳಿಗೆ ಆಶ್ರಯ ಕೊಡುವ ಸಂಸ್ಥೆ. ಅನುದಾನದ ಪಟ್ಟಿಯಲ್ಲಿ ನಮ್ಮ ವಿಳಾಸ ಬಂದರೆ ಏನು ಗತಿ?

ಉತ್ತರ: ಆಶ್ರಯ ಮನೆಯ ವಿಳಾಸ ಬರಲೇಬಾರದು. ಇವತ್ತೇ ಲಿಖಿತವಾಗಿ ತಿಳಿಸಿ. ಕಚೇರಿಯ ವಿಳಾಸ ಅಥವಾ ಅಂಚೆ ಪೆಟ್ಟಿಗೆ ಸಂಖ್ಯೆ ಕೊಡಿ, ಊರಿನ ಹೆಸರಿನ ಬದಲು ದೊಡ್ಡ ಪ್ರದೇಶದ ಹೆಸರಷ್ಟೇ ಹಾಕಲು ಕೇಳಿ. ನೀವು ಕಳಿಸುವ ಖರ್ಚಿನ ವರದಿಯಲ್ಲೂ ಎಚ್ಚರ ಬೇಕು. ವಿದ್ಯುತ್ ಬಿಲ್ಲಿನ ಒಂದು ನಕಲು ಸಾಕು, ಬಚ್ಚಿಟ್ಟ ಮನೆ ಹೊರಬೀಳುತ್ತದೆ. ಸಂಸ್ಥೆಯ ಹೆಸರು, ಮೊತ್ತ, ಕೆಲಸ ಇವು ಪ್ರಕಟವಾಗಲಿ. ನೆರವು ಪಡೆದವರ ಹೆಸರು, ಸಹಿ, ಬ್ಯಾಂಕ್ ಖಾತೆ ಬೇಡ. ಯುರೋಪಿನ ನ್ಯಾಯಾಲಯ 2010ರಲ್ಲಿ ಕೃಷಿ ಸಬ್ಸಿಡಿಯ ಪ್ರಕರಣದಲ್ಲಿ ಇಂಥದ್ದೇ ಗೆರೆ ಎಳೆಯಿತು. ಸಂಸ್ಥೆಗಳ ವಿವರ ಪ್ರಕಟಿಸುವುದು ಸರಿ, ಆದರೆ ಹಣ ಪಡೆದ ವ್ಯಕ್ತಿಗಳೆಲ್ಲರ ಹೆಸರನ್ನು ಹಿಂದೆಮುಂದೆ ನೋಡದೆ ಹಾಕುವುದು ತಪ್ಪು ಎಂದಿತು.

ಪ್ರಶ್ನೆ: ನಮ್ಮ ಅರ್ಜಿ ತಿರಸ್ಕಾರವಾಯಿತು. ಕಾರಣ ಕೇಳಿದರೆ ಮುಂದಿನ ಸಲ ನಮ್ಮನ್ನು ದೂರ ಇಡುತ್ತಾರೇನೋ ಎಂಬ ಭಯ.

ಉತ್ತರ: ಕೇಳಿ. ಜಗಳದ ದನಿ ಬೇಡ, ಮುಂದಿನ ಅರ್ಜಿ ಸುಧಾರಿಸಿಕೊಳ್ಳಲು ಬೇಕು ಎಂದು ಬರೆಯಿರಿ. 'ಯಾಕೆ ತಿರಸ್ಕರಿಸಿದಿರಿ' ಎಂದರೆ ಹಣ ಸಾಲಲಿಲ್ಲ ಎಂಬ ಒಂದು ಸಾಲು ಬರುತ್ತದೆ. ಅದರ ಬದಲು ಪ್ರತಿ ಮಾನದಂಡದಲ್ಲಿ ನಿಮಗೆ ಬಂದ ಅಂಕ ಎಷ್ಟು, ಆಯ್ಕೆಯಾದ ಕೊನೆಯ ಅರ್ಜಿಗೆ ಎಷ್ಟು ಎಂದು ಕೇಳಿ. ಈ ಎರಡು ಸಂಖ್ಯೆ ಸಿಕ್ಕರೆ ಎಡವಿದ್ದು ಎಲ್ಲಿ ಎಂದು ನಿಮಗೇ ಕಾಣುತ್ತದೆ. ಸಿಗದಿದ್ದರೆ, ನಿಮ್ಮ ದೇಶದ ಮಾಹಿತಿ ಕಾಯ್ದೆಯಲ್ಲಿ ಅದೇ ಎರಡು ಸಂಖ್ಯೆಗೆ ಅರ್ಜಿ ಹಾಕಿ.